ನಮ್ಮಣ್ಣನಿಂದ ದೇಶಕ್ಕಾದ ನಷ್ಟ

ನಮ್ಮಣ್ಣನನ್ನು ಆ ದೊಡ್ಡ ಸಭೆಗೆ ಆರಿಸಿದ್ದು ಅವನು ಚೆನ್ನಾಗಿ ಕೆಮ್ಮುತ್ತಾನೆ ಎಂಬ ಒಂದೇ ಕಾರಣಕ್ಕೆ. ಅವನಲ್ಲಿ ಬೇರೆ ಯಾವ ಯೋಗ್ಯತೆ ಇದೆಯೆಂದು ಯಾರೂ ಕೇಳಲಿಲ್ಲ.

ಓಣಿಯಲ್ಲಿ ಅವನಿಗೆ ಬಾಯ್ಲರ್ ಎಂದೇ ಹೆಸರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರಿಗೆ ಬೆಂಕಿ ಹಾಕುವುದು ಅವನ ಕೆಲಸವಾಗಿತ್ತು. ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಬೇಕು. ಬೆಂಕಿಯ ಬಾಯಿಗೆ ಎಸೆಯಬೇಕು. ಕಬ್ಬಿಣದ ಬಾಗಿಲು ಮುಚ್ಚಬೇಕು. ಮುಚ್ಚುವಷ್ಟರಲ್ಲಿ ಮುಖ ಬೆಂದಿರುತ್ತದೆ. ಮತ್ತೆ ಸಲಿಕೆ ಎತ್ತಬೇಕು. ಕಲ್ಲಿದ್ದಲು ದುಬಾರಿಯಾಯಿತೆಂದು ಸಾಹುಕಾರರು ಹಳೇ ಟೈರು ತರಿಸಿದರು. ಟೈರು ಸಾಲದೇ ಹೋದಾಗ ಹಳೇ ಚಪ್ಪಲಿ, ರೆಕ್ಸಿನ್ ತುಂಡು, ಬಣ್ಣದ ಡಬ್ಬ, ಚಿಂದಿ. ಬಾಯ್ಲರು ಪಾಪದ್ದು, ಕೊಟ್ಟದ್ದನ್ನೆಲ್ಲ ತಿನ್ನುತ್ತಿತ್ತು. ತಿಂದು ಕಪ್ಪಗೆ ತೇಗುತ್ತಿತ್ತು. ಆ ತೇಗಿನಲ್ಲಿ ಅರ್ಧ ಚಿಮಣಿ ಹತ್ತಿ ಊರಿಗೆ ಹೋಗುತ್ತಿತ್ತು, ಇನ್ನರ್ಧ ಅಣ್ಣನ ಎದೆಗೆ.

ಮನೆಗೆ ಬಂದು ಉಗುಳಿದರೆ ಕಪ್ಪು. ಮೂಗು ಸೀನಿದರೆ ಕಪ್ಪು. ಅತ್ತಿಗೆ ದಿಂಬಿನ ಬಟ್ಟೆ ಒಗೆದು ಒಗೆದು ಸೋತು, ಕೊನೆಗೆ ಕಪ್ಪು ಬಟ್ಟೆಯಲ್ಲೇ ಒಂದು ದಿಂಬು ಹೊಲಿದಳು.

"ಈಗ ನೋಡು, ಎಷ್ಟು ಚೊಕ್ಕವಾಗಿ ಕಾಣುತ್ತೆ," ಎಂದಳು.

ಒಂದು ದಿನ ಅಣ್ಣ ತುಂಬಿದ ಸಲಿಕೆ ಎತ್ತಿದವನು ಎಸೆಯಲಾರದೆ ಹಾಗೇ ನಿಂತುಬಿಟ್ಟ. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಜೊತೆಯವರು ಎಳೆದು ಆಚೆ ಹಾಕಿದರು. ಮಾರನೆಯ ದಿನ ಸಾಹುಕಾರರು ಅವನನ್ನು ಕರೆಸಿ, ಭುಜ ತಟ್ಟಿ, "ನಿನಗೆ ವಿಶ್ರಾಂತಿ ಬೇಕಪ್ಪಾ," ಎಂದರು. ಆ ವಿಶ್ರಾಂತಿ ಇನ್ನೂ ಮುಗಿದಿಲ್ಲ.

ಅಂದಿನಿಂದ ಅಣ್ಣ ಮೈ ಚಾಚಿ ಮಲಗಿದ್ದಿಲ್ಲ. ಮಲಗಿದರೆ ಎದೆಯ ಮೇಲೆ ಯಾರೋ ಬಂದು ಕೂತ ಹಾಗಾಗುತ್ತದೆ. ಗೋಡೆಗೆ ಬೆನ್ನು ಕೊಟ್ಟು, ಮಂಡಿಯ ಮೇಲೆ ಆ ಕಪ್ಪು ದಿಂಬು ಇಟ್ಟು, ಅದರ ಮೇಲೆ ತಲೆ ಊರಿ ತೂಕಡಿಸುತ್ತಾನೆ. ಕಣ್ಣು ಅಂಟುವಷ್ಟರಲ್ಲಿ ಕೆಮ್ಮು ಬಂದು ಎಬ್ಬಿಸುತ್ತದೆ. ಒಂದೊಂದು ಉಸಿರಿಗೂ ಅವನ ಭುಜಗಳು ಕಿವಿಯವರೆಗೆ ಏರುತ್ತವೆ. ಬಾವಿಯಿಂದ ನೀರು ಸೇದುವವರ ಹಾಗೆ ಅವನು ಗಾಳಿ ಸೇದುತ್ತಾನೆ.

ನಾನು ಗಂಡನನ್ನು ಬಿಟ್ಟು ಅಣ್ಣನ ಮನೆ ಸೇರಿದವಳು. ಅತ್ತಿಗೆಯೂ ನಾನೂ ಬೀದಿ ಗುಡಿಸುತ್ತೇವೆ. ಕಂಟ್ರಾಕ್ಟ್ ಕೆಲಸ. ದೊಡ್ಡ ಸಭಾಭವನ ಇರುವ ಅಗಲ ರಸ್ತೆ ನಮ್ಮ ಪಾಲಿನದು. ಉದ್ದ ಕೋಲಿನ ಪೊರಕೆ, ಒಣ ರಸ್ತೆ. ಒಂದು ಸಲ ಎಳೆದರೆ ಧೂಳು ಎದ್ದು ನಮ್ಮನ್ನೇ ನುಂಗುತ್ತದೆ. ಸೊಂಟ ಬಗ್ಗಿಸಿದ ಹೆಂಗಸು ಧೂಳಿನೊಳಗೆ ಎಲ್ಲಿದ್ದಾಳೆಂದು ಕಾರಿನವರಿಗೆ ಕಾಣುವುದಿಲ್ಲ. ಹಾರ್ನ್ ಹೊಡೆಯುತ್ತಾರೆ, ಗಾಜು ಏರಿಸುತ್ತಾರೆ, ನಾವೇ ಧೂಳನ್ನು ಕಂಡುಹಿಡಿದವರ ಹಾಗೆ ಮುಖ ಸಿಂಡರಿಸುತ್ತಾರೆ. ಒಂದು ಸಲ ಮೂಗಿಗೆ ಕಟ್ಟುವ ಬಟ್ಟೆ ಕೊಟ್ಟಿದ್ದರು. ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಫೋಟೋ ಮುಗಿದ ಮೇಲೆ ಮೂಗಿನಿಂದಲೇ ಬಿಚ್ಚಿಕೊಂಡು ಹೋದರು.

ನೀರು ಚಿಮುಕಿಸಿ ಗುಡಿಸಿದರೆ ಧೂಳು ಏಳುವುದಿಲ್ಲ. ಅತ್ತಿಗೆ ಎಷ್ಟೋ ಸಲ ಮೇಸ್ತ್ರಿಯನ್ನು ಕೇಳಿದ್ದಳು.

"ಕುಡಿಯೋಕೇ ನೀರಿಲ್ಲ, ಮಹಾರಾಣಿಗೆ ರೋಡಿಗೆ ನೀರು ಬೇಕಂತೆ," ಎಂದು ಅವನು ಮೂಗು ಮುರಿಯುತ್ತಿದ್ದ.

ನೀರು ಇರಲಿಲ್ಲ ಎಂದಲ್ಲ. ಸಭಾಭವನದ ಮೂಲೆಯಲ್ಲಿ ಒಂದು ಕಂಬ, ಕಂಬದ ಮೇಲೆ ಗಾಳಿ ಅಳೆಯುವ ಪೆಟ್ಟಿಗೆ. ಅದು ಹೇಳುವ ಅಂಕಿ ಪತ್ರಿಕೆಯಲ್ಲಿ ಬರುತ್ತದೆ. ಅಂಕಿ ಏರಿದರೆ ಮೇಲಿನವರಿಗೆ ಮರ್ಯಾದೆ ಹೋಗುತ್ತದೆ. ಆದ್ದರಿಂದ ದಿನವೂ ಬೆಳಿಗ್ಗೆ ಟ್ಯಾಂಕರ್ ಬಂದು ಆ ಕಂಬದ ಸುತ್ತ ಮಾತ್ರ ನೀರು ಚಿಮ್ಮಿಸುತ್ತಿತ್ತು. ಪೆಟ್ಟಿಗೆಗೆ ನೆಗಡಿಯಾಗುವಷ್ಟು. ಅಂಕಿ ಇಳಿಯುತ್ತಿತ್ತು. ಊರಿನ ಗಾಳಿ ಸುಧಾರಿಸಿದೆ ಎಂದು ಪತ್ರಿಕೆಯಲ್ಲಿ ಓದಿ ಊರಿನವರು ಕೆಮ್ಮುತ್ತಿದ್ದರು.

"ನಮ್ಮನ್ನೂ ಒಂದೊಂದು ಕಂಬದ ಮೇಲೆ ಕೂರಿಸಿ ಸಾರ್. ನಮಗೂ ನೀರು ಸಿಗುತ್ತೆ," ಎಂದಳು ಅತ್ತಿಗೆ.

ಮೇಸ್ತ್ರಿ ಅವಳಿಗೆ ಒಂದು ದಿನದ ಕೆಲಸ ಕೊಡಲಿಲ್ಲ. ಬಾಯಿ ಜಾಸ್ತಿಯಂತೆ.

ಸಭೆಯ ಸುದ್ದಿ ತಂದವನೂ ಅವನೇ. "ಗಾಳಿ ಕೆಟ್ಟು ದೇಶಕ್ಕೆ ಎಷ್ಟು ನಷ್ಟ ಆಗ್ತಿದೆ ಅಂತ ಲೆಕ್ಕ ಹೇಳೋಕೆ ದೊಡ್ಡ ದೊಡ್ಡೋರು ಬರ್ತಿದಾರೆ. ರಸ್ತೆಯಲ್ಲಿ ಒಂದು ಕಡ್ಡಿ ಇರಬಾರದು."

"ದೇಶಕ್ಕಾ?" ಎಂದಳು ಅತ್ತಿಗೆ. "ದೇಶಕ್ಕೂ ದಮ್ಮು ಬಂತಾ?"

ಆ ವಾರವೇ ಸಭೆ ನಡೆಸುವ ಹೆಂಗಸು ನಮ್ಮ ಓಣಿಗೆ ಬಂದರು. ಮೂಗಿಗೆ ಕರವಸ್ತ್ರ ಒತ್ತಿ ಹಿಡಿದಿದ್ದರು. ಕರವಸ್ತ್ರದ ಹಿಂದೆಯೂ ನಗುತ್ತಿದ್ದಾರೆಂದು ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ನಾವು ಅವರಿಗೆ ನಗುಮೇಡಂ ಎಂದು ಹೆಸರಿಟ್ಟೆವು.

"ನಮಗೆ ಒಬ್ಬರು ಸಂತ್ರಸ್ತರು ಬೇಕಾಗಿದಾರೆ," ಎಂದರು ನಗುಮೇಡಂ.

ಓಣಿಯವರು ಮುಖ ಮುಖ ನೋಡಿಕೊಂಡರು. ಮೇಸ್ತ್ರಿ ಬಿಡಿಸಿ ಹೇಳಿದ. "ಕೆಮ್ಮೋರು ಯಾರಿದೀರೋ ಮುಂದೆ ಬನ್ನಿ. ಊಟ ಇದೆ."

ಓಣಿಗೆ ಓಣಿಯೇ ಮುಂದೆ ಬಂತು. ಇಸ್ತ್ರಿ ಅಂಗಡಿಯವನು ಕೆಮ್ಮಿದ. ಅವನದು ಒಣ ಕೆಮ್ಮು, ಹಿಂದಿನ ಸಾಲಿಗೆ ಕೇಳಿಸುವುದಿಲ್ಲ ಎಂದರು ನಗುಮೇಡಂ. ತರಕಾರಿ ತಾತ ಕೆಮ್ಮಿದ. ಅದರಲ್ಲಿ ಕಫ ಜಾಸ್ತಿ, ಊಟಕ್ಕೆ ಮುಂಚೆ ಬೇಡ ಎಂದರು. ಇಟ್ಟಿಗೆ ಹೊರುವವಳು ಕೆಮ್ಮುತ್ತಾ ಕೆಮ್ಮುತ್ತಾ ನಕ್ಕುಬಿಟ್ಟಳು. ಅವಳನ್ನು ತಕ್ಷಣ ತೆಗೆದುಹಾಕಿದರು. ಅಷ್ಟರಲ್ಲಿ ನಮ್ಮ ಕೋಣೆಯೊಳಗಿಂದ ಅಣ್ಣ ಕೆಮ್ಮಿದ. ಅವನಿಗೆ ಊಟದ ಸುದ್ದಿ ಗೊತ್ತೇ ಇರಲಿಲ್ಲ. ಅವನು ಸುಮ್ಮನೆ ಅವನ ಪಾಡಿಗೆ ಕೆಮ್ಮಿದ. ಆಳದಲ್ಲಿ ಶುರುವಾಗಿ, ಮೆಟ್ಟಿಲು ಹತ್ತಿದ ಹಾಗೆ ಏರಿ, ಮೇಲೆ ಹೋಗಿ ಒಂದು ಕ್ಷಣ ನಿಂತು, ಸತ್ತೇ ಹೋದನೇನೋ ಎನ್ನಿಸಿ, ಆಮೇಲೆ ಸಿಳ್ಳೆ ಹೊಡೆಯುತ್ತಾ ಇಳಿಯುವ ಕೆಮ್ಮು.

ನಗುಮೇಡಂ ಕರವಸ್ತ್ರ ಇಳಿಸಿದರು. "ಇವರು ಯಾರು?" ಎಂದರು, ಮದುವೆಗೆ ಗಂಡು ಸಿಕ್ಕವರ ಹಾಗೆ.

ಒಳಗೆ ಬಂದು ನಮ್ಮ ಒಂದೇ ಕುರ್ಚಿಯಲ್ಲಿ ಕೂತು ಅಣ್ಣನಿಗೆ ಪಾಠ ಹೇಳಿಕೊಟ್ಟರು. "ಮೂರು ನಿಮಿಷ ಮಾತಾಡಿ. ಮುಂಚೆ ಹೇಗಿದ್ರಿ, ಈಗ ಹೇಗಿದೀರಿ, ಅಷ್ಟೇ. ಮಧ್ಯೆ ಕೆಮ್ಮು ಬಂದ್ರೆ ತಡ್ಕೋಬೇಡಿ, ಸಹಜವಾಗಿ ಬರಲಿ. ಕಾರ್ಖಾನೆ ಹೆಸರು ಮಾತ್ರ ಉಸಿರಬೇಡಿ."

"ಉಸಿರೋದೇ ಕಷ್ಟ ಮೇಡಂ," ಎಂದ ಅಣ್ಣ.

"ನಿಮಗೆ ತಮಾಷೆ ಚೆನ್ನಾಗಿ ಬರುತ್ತೆ," ಎಂದು ಅವರು ಇನ್ನಷ್ಟು ನಕ್ಕರು. "ಆದ್ರೆ ಅವತ್ತು ಬೇಡ."

ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. "ಮೇಡಂ, ಮನೆಯಲ್ಲಿ ಇಟ್ಕೊಳ್ಳೋ ಆಕ್ಸಿಜನ್ ಮಿಷನ್ ಅಂತ ಇದೆಯಂತೆ. ಅದಿದ್ರೆ ಇವರು ನಿದ್ದೆ ಮಾಡ್ತಾರೆ ಅಂತ ಆಸ್ಪತ್ರೆ ಡಾಕ್ಟ್ರು ಹೇಳಿದ್ರು. ಒಂದು ಕೊಡಿಸ್ತೀರಾ?"

"ನೋಡೋಣ," ಎಂದರು ನಗುಮೇಡಂ.

ಆ ಒಂದು ಮಾತಿಗೆ ಅಣ್ಣ ಒಪ್ಪಿದ. ನೋಡೋಣ ಎಂದವರು ಯಾರೂ ಆಮೇಲೆ ನೋಡಿದ್ದಿಲ್ಲ, ಅದು ನಮಗೆ ಗೊತ್ತು. ಆದರೂ ಅತ್ತಿಗೆ ಆ ಮಿಷನ್ ಎಲ್ಲಿ ಇಡಬೇಕೆಂದು ಸಂಜೆಯೆಲ್ಲ ಮೂಲೆ ಮೂಲೆ ನೋಡಿದಳು. ಕೊನೆಗೆ ನೀರಿನ ಕೊಡ ಸರಿಸಿ ಜಾಗ ಮಾಡಿದಳು.

ಸಭೆಯ ದಿನ ಅಗಲ ರಸ್ತೆಗೆ ಈ ತುದಿಯಿಂದ ಆ ತುದಿಗೆ ನೀರು ಬಿಟ್ಟಿದ್ದರು. ರಸ್ತೆ ಹೊಳೆಯುತ್ತಿತ್ತು. ಊರಿನಲ್ಲಿ ಇಷ್ಟು ನೀರು ಇದೆಯೆಂದು ನಮಗೆ ಅಂದೇ ತಿಳಿದದ್ದು. ಗುಡಿಸುವವರಿಗೆಲ್ಲ ಮೇಸ್ತ್ರಿಯ ಆಜ್ಞೆಯಾಗಿತ್ತು. "ಅತಿಥಿಗಳು ಹೋಗೋವರೆಗೂ ಯಾರೂ ಕಣ್ಣಿಗೆ ಬೀಳಬಾರದು. ಪೊರಕೆ ತಗೊಂಡು ಭವನದ ಹಿಂದೆ ಇರಿ."

ಭವನದ ಹಿಂದೆ ಜನರೇಟರ್ ಇತ್ತು. ಒಳಗಿನವರು ತಂಪಾಗಿರಲೆಂದು ಅದು ಹೊರಗೆ ಹೊಗೆ ಉಗುಳುತ್ತಿತ್ತು. ಆ ಹೊಗೆಯಲ್ಲಿ ನಮ್ಮವರು ಗೋಡೆಗಂಟಿ ಕೂತರು. ಅತ್ತಿಗೆಗೂ ನನಗೂ ಮಾತ್ರ ಒಳಗೆ ಹೋಗಲು ಬಿಟ್ಟರು, ಅಣ್ಣನನ್ನು ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ.

ತರಕಾರಿ ತಾತನ ತಳ್ಳುಗಾಡಿಯಲ್ಲಿ ಅಣ್ಣನನ್ನು ಕರೆತಂದಿದ್ದೆವು. ಇಸ್ತ್ರಿಯವನು ಅವನ ಬಿಳಿ ಶರ್ಟಿಗೆ ಗೆರೆ ಮುರಿಯದ ಹಾಗೆ ಇಸ್ತ್ರಿ ಹಾಕಿ ಕೊಟ್ಟಿದ್ದ. ದುಡ್ಡು ತೆಗೆದುಕೊಂಡಿರಲಿಲ್ಲ. ಅತ್ತಿಗೆ ತಲೆ ಬಾಚಿದ್ದಳು, ಗಡ್ಡ ಹೆರೆದಿದ್ದಳು. ನಗುಮೇಡಂ ಅವನನ್ನು ಮೇಲಿಂದ ಕೆಳಗೆ ನೋಡಿದರು. ನಗು ಸ್ವಲ್ಪ ಬಾಡಿತು.

"ಇದು ತುಂಬ ಆರೋಗ್ಯವಾಗಿ ಕಾಣುತ್ತೆ. ಕೆಲಸಕ್ಕೆ ಹಾಕ್ತಿದ್ದ ಶರ್ಟ್ ಇಲ್ವಾ?"

ನಾನು ಮನೆಗೆ ಓಡಿದೆ. ನೆಲ ಒರೆಸಲು ಇಟ್ಟಿದ್ದ ಹಳೇ ಶರ್ಟು ತಂದೆ. ತೋಳು ಸುಟ್ಟಿತ್ತು, ಬೆನ್ನು ಹರಿದಿತ್ತು. ಬಾಗಿಲಿನ ಪಕ್ಕ, ಹೋಗಿ ಬರುವವರ ಎದುರಿಗೇ ಅತ್ತಿಗೆ ಅಣ್ಣನ ಶರ್ಟ್ ಬಿಚ್ಚಿದಳು. ಅವನ ಪಕ್ಕೆಲುಬುಗಳು ಒಂದೊಂದಾಗಿ ಕಂಡವು. ಸೂಟು ಹಾಕಿದವನೊಬ್ಬ ನೋಡಿ, ಪಾಪ ಎಂದು ಹೇಳಿ, ಒಳಗೆ ಹೋದ. ಅಣ್ಣ ತಲೆ ತಗ್ಗಿಸಿ ಕೈ ಎತ್ತಿ ನಿಂತಿದ್ದ, ಪೋಲೀಸರು ಜೇಬು ತಡಕುವಾಗ ನಿಲ್ಲುವ ಹಾಗೆ. ಅತ್ತಿಗೆ ಬಿಳಿ ಶರ್ಟನ್ನು ಮಡಿಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳು ಮಾತಾಡದೆ ಇದ್ದದ್ದು ನೋಡಿ ನನಗೆ ಭಯವಾಯಿತು.

ಒಳಗೆ ಹೋದೆವು.

ಅದು ಬೇರೆಯೇ ಗಾಳಿ. ಕಿಟಕಿಗಳಿಗೆಲ್ಲ ಗಾಜು ಬಿಗಿದಿತ್ತು. ಮೂಲೆ ಮೂಲೆಗೆ ಬೀರುವಿನಷ್ಟೆತ್ತರದ ಬಿಳಿ ಯಂತ್ರಗಳು, ಗಾಳಿಯನ್ನು ಶೋಧಿಸಿ ಕೊಡುವಂಥವು. ಒಂದೊಂದರ ಮೇಲೂ ಚಿನ್ನದ ಬಣ್ಣದ ಅಕ್ಷರದಲ್ಲಿ ದಾನಿಯ ಹೆಸರು. ಅಣ್ಣನಿಗೆ ವಿಶ್ರಾಂತಿ ಕೊಟ್ಟ ಸಾಹುಕಾರರ ಹೆಸರು. ಅವರು ವೇದಿಕೆಯ ಮೇಲೆಯೇ ಕೂತಿದ್ದರು. ಅಣ್ಣನನ್ನು ನೋಡಿದರು, ಗುರುತು ಹಿಡಿಯಲಿಲ್ಲ.

ನಾವು ಮುಂದಿನ ಸಾಲಿನ ಕೊನೆಯಲ್ಲಿ ಕೂತೆವು. ಅಣ್ಣ ಒಂದು ಉಸಿರು ಎಳೆದ. ಕೆಮ್ಮು ಬರಲಿಲ್ಲ. ಇನ್ನೊಂದು ಎಳೆದ. ಆಶ್ಚರ್ಯದಿಂದ ಅತ್ತಿಗೆಯ ಮುಖ ನೋಡಿದ. ಅವನ ಭುಜಗಳು ನಿಧಾನವಾಗಿ ಇಳಿದವು. ಅವನಿಗೆ ಕುತ್ತಿಗೆ ಇದೆಯೆಂದು ನಾನು ಮರೆತೇಬಿಟ್ಟಿದ್ದೆ, ಈಗ ಕಾಣಿಸಿತು. ಸ್ವಲ್ಪ ಹೊತ್ತಿಗೆ ಅವನ ತಲೆ ಅತ್ತಿಗೆಯ ಹೆಗಲಿಗೆ ವಾಲಿತು. ನಿದ್ದೆ ಹೋಗಿದ್ದ. ಕೂಸಿನ ಹಾಗೆ ಬಾಯಿ ತೆರೆದು, ಸದ್ದಿಲ್ಲದೆ. ಅತ್ತಿಗೆ ಕಲ್ಲಿನ ಹಾಗೆ ಕೂತಳು. ನೊಣ ಬಂದು ಮೂಗಿನ ಮೇಲೆ ಕೂತರೂ ಕೈ ಎತ್ತುತ್ತಿರಲಿಲ್ಲ. ಅಷ್ಟಕ್ಕೂ ಅಲ್ಲಿ ನೊಣವೂ ಇರಲಿಲ್ಲ.

ಸೂಟಿನವನು ಮಾತಾಡಲು ಎದ್ದ. ಬಾಗಿಲಲ್ಲಿ ಪಾಪ ಎಂದವನು ಅವನೇ. ಅರ್ಥಶಾಸ್ತ್ರ ಓದಿದವನಂತೆ. ಪರದೆಯ ಮೇಲೆ ಅಂಕಿ ತೋರಿಸಿದ. ಗಾಳಿ ಕೆಟ್ಟದ್ದರಿಂದ ಜನ ಕಾಯಿಲೆ ಬೀಳುತ್ತಾರೆ. ಕಾಯಿಲೆ ಬಿದ್ದವರು ಕೆಲಸಕ್ಕೆ ಹೋಗುವುದಿಲ್ಲ. ಹೋದರೂ ಸರಿಯಾಗಿ ಮಾಡುವುದಿಲ್ಲ. ಕೆಲವರು ಕೆಲಸದ ವಯಸ್ಸು ಮುಗಿಯುವ ಮುಂಚೆಯೇ ಸತ್ತುಹೋಗುತ್ತಾರೆ. ಇದರಿಂದ ದೇಶದ ಆದಾಯಕ್ಕೆ ಪೆಟ್ಟು. ಪರದೆಯ ತುಂಬ ಸೊನ್ನೆಗಳು ಸಾಲುಗಟ್ಟಿ ನಿಂತವು. ನಮ್ಮ ಓಣಿಯ ನಲ್ಲಿಯ ಮುಂದೆ ಕೊಡ ನಿಂತ ಹಾಗೆ. ಜನ ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರೋ ನನಗೆ ತಿಳಿಯಲಿಲ್ಲ. ನಷ್ಟ ದೊಡ್ಡದಿತ್ತು ಅಂತಲೋ ಏನೋ.

ಸಭೆಯಲ್ಲಿ ಒಬ್ಬರು ಎದ್ದು ಕೇಳಿದರು, "ಸತ್ತ ಒಬ್ಬ ಮನುಷ್ಯನಿಂದ ಇಷ್ಟು ನಷ್ಟ ಅಂತ ಹೇಗೆ ಲೆಕ್ಕ ಹಾಕ್ತೀರಿ?"

"ಬದುಕಿದ್ದರೆ ಅವನು ಎಷ್ಟು ಸಂಪಾದಿಸುತ್ತಿದ್ದ ಅನ್ನೋದರ ಮೇಲೆ," ಎಂದ ಸೂಟಿನವನು.

ಅತ್ತಿಗೆ ಹೆಗಲು ಅಲುಗದ ಹಾಗೆ ನನ್ನ ಕಿವಿಗೆ ಬಾಯಿ ತಂದಳು. "ಅಂದ್ರೆ ಸಾಹುಕಾರ ಕೆಮ್ಮಿದ್ರೆ ದೇಶ ಮುಳುಗುತ್ತೆ. ಇವರು ಸತ್ರೂ ಚಿಲ್ಲರೆ. ನಾನು ಇವರ ಉಚ್ಚೆ ಬಾಚಿದ್ದು, ಬೆನ್ನು ತಿಕ್ಕಿದ್ದು?"

"ಅದು ಲೆಕ್ಕಕ್ಕೇ ಇಲ್ಲ ಅನ್ಸುತ್ತೆ ಅತ್ತಿಗೆ."

"ಹೂಂ," ಎಂದಳು.

ಆಮೇಲೆ ಸಾಹುಕಾರರಿಗೆ ಒಂದು ಫಲಕ ಕೊಟ್ಟರು. ಶುದ್ಧ ಗಾಳಿಯ ಗೆಳೆಯ ಎಂದು ಅದರ ಮೇಲೆ ಬರೆದಿತ್ತಂತೆ. ಅವರು ಅದನ್ನು ಎದೆಗೆ ಹಿಡಿದು ನಿಂತು, ನಗುಮೇಡಂ ಹೇಳಿಕೊಟ್ಟ ಹಾಗೆ ನಕ್ಕರು.

ಅಣ್ಣನ ಸರದಿ ಬಂತು. ನಗುಮೇಡಂ ಬಗ್ಗಿ ಬಂದು ಅವನ ತೋಳು ಅಲುಗಿಸಿದರು.

"ಇವರು ಮಲಗಿಬಿಟ್ಟಿದಾರಲ್ಲಾ! ಏಳಿ, ಏಳಿ. ಕೆಮ್ಮು ಇದೆ ತಾನೆ? ಸ್ವಲ್ಪ ಕೆಮ್ಮಿ ನೋಡೋಣ."

ಅಣ್ಣ ಪ್ರಯತ್ನಪಟ್ಟ. ಗಂಟಲು ಸರಿಮಾಡಿಕೊಂಡ ಹಾಗಾಯಿತೇ ಹೊರತು ಕೆಮ್ಮಾಗಲಿಲ್ಲ.

"ಹೋಗಲಿ, ಮಾತಾಡ್ತಾ ಮಾತಾಡ್ತಾ ಬರುತ್ತೆ," ಎಂದು ಅವರು ತಮಗೆ ತಾವೇ ಧೈರ್ಯ ಹೇಳಿಕೊಂಡರು.

ನಾವಿಬ್ಬರೂ ಹಿಡಿದು ಅವನನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ ಕೆಳಗೆ ಬಂದೆವು. ಹಿಂದಿನ ಪರದೆಯ ಮೇಲೆ ಅವನ ಫೋಟೋ ಬಂತು. ಪಕ್ಕದಲ್ಲಿ ಒಂದು ಮೊತ್ತ. ಕಳ್ಳ ಸಿಕ್ಕಿಬಿದ್ದಾಗ ಪತ್ರಿಕೆಯಲ್ಲಿ ಅವನ ಮುಖ, ಕದ್ದ ಮಾಲಿನ ಬೆಲೆ ಹಾಕುತ್ತಾರಲ್ಲ, ಹಾಗೇ ಇತ್ತು.

"ಈ ಮನುಷ್ಯ ಇನ್ನೂ ಎಷ್ಟೋ ವರ್ಷ ದುಡಿಯಬಹುದಾಗಿತ್ತು," ಎಂದ ಸೂಟಿನವನು. "ದುಡಿಯುತ್ತಿಲ್ಲ. ಇವರೊಬ್ಬರಿಂದ ದೇಶಕ್ಕಾದ ನಷ್ಟ ನಿಮ್ಮ ಮುಂದಿದೆ."

ಜನ ತ್ಚು ತ್ಚು ಎಂದರು. ಅಣ್ಣ ಕತ್ತು ತಿರುಗಿಸಿ ಪರದೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೈಕು ಹಿಡಿದ.

"ಸ್ವಾಮಿ, ನಾನು ಏನೂ ಕದ್ದಿಲ್ಲ," ಎಂದ.

ಆ ದನಿ ಕೇಳಿ ನಾನು ಬೆಚ್ಚಿದೆ. ಸಿಳ್ಳೆ ಇಲ್ಲದ, ತುಂಡಾಗದ ದನಿ. ಚಿಕ್ಕಂದಿನಲ್ಲಿ ನನ್ನನ್ನು ಬೀದಿಯ ಆ ತುದಿಯಿಂದ ಕೂಗಿ ಕರೆಯುತ್ತಿದ್ದವನ ದನಿ.

"ದೇಶಕ್ಕೆ ನನ್ನಿಂದ ನಷ್ಟ ಅಂತಿದೀರಿ. ನಾನು ಕೊಟ್ಟ ಕೆಲಸ ಎಲ್ಲಾ ಮಾಡಿದೀನಿ. ಟೈರು ಸುಡು ಅಂದ್ರು, ಸುಟ್ಟೆ. ಚಪ್ಪಲಿ ಸುಡು ಅಂದ್ರು, ಸುಟ್ಟೆ. ಆ ಮಿಷನ್ ಮೇಲೆ ಹೆಸರಿದೆಯಲ್ಲ, ಅವರದ್ದೇ ಟೈರು. ನೀವು ಈಗ ಫಲಕ ಕೊಟ್ರಲ್ಲ, ಅವರದ್ದೇ ಬಾಯ್ಲರು."

ಸಾಹುಕಾರರ ಮುಖದಲ್ಲಿ ನಗು ಹಾಗೇ ಇತ್ತು, ಕಣ್ಣು ಮಾತ್ರ ಕೆಂಪಗಾಯಿತು. ನಗುಮೇಡಂ ಮೈಕಿನವನ ಕಡೆ ಓಡಿದರು.

"ಮೇಡಂ ಕೆಮ್ಮು ಅಂದ್ರು. ಬರ್ತಿಲ್ಲ," ಎಂದ ಅಣ್ಣ. "ಇಲ್ಲಿ ಗಾಳಿ ಚೆನ್ನಾಗಿದೆ. ಈಗ ತಾನೆ ನಿದ್ದೆ ಮಾಡಿದೆ. ನಿದ್ದೆ ಮಾಡಿದವನು ನಾಳೆ ಕೆಲಸಾನೂ ಮಾಡಿಯಾನು. ದೇಶಕ್ಕೆ ನಷ್ಟ ಆಗಬಾರದು ಅಂತ ತಾನೆ ನೀವೆಲ್ಲ ಬಂದಿರೋದು? ಹಾಗಾದ್ರೆ ನನ್ನನ್ನ ಇಲ್ಲೇ ಬಿಡಿ. ನಾನು ಮನೆಗೆ ಹೋಗಲ್ಲ."

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಅವನು ಮಾತು ಮುಗಿಸುವ ಬಗೆ ಅದೆಂದು ತಿಳಿದರು. ಚಪ್ಪಾಳೆ ನಿಂತಿತು. ಅಣ್ಣ ಏಳಲಿಲ್ಲ. ಮೈಕು ಸತ್ತಿತು. ಅಣ್ಣ ಏಳಲಿಲ್ಲ. ನಗುಮೇಡಂ ಧನ್ಯವಾದ ಎಂದರು, ಊಟ ತಯಾರಿದೆ ಎಂದರು. ಅಣ್ಣ ಕುರ್ಚಿಯ ಎರಡೂ ಕೈ ಹಿಡಿದು ಕಣ್ಣು ಮುಚ್ಚಿ ಉಸಿರಾಡುತ್ತಾ ಕೂತಿದ್ದ.

ಸಾಹುಕಾರರು ಅವನ ಕಡೆ ಬಾಗಿದರು. ಈಗ ಗುರುತು ಸಿಕ್ಕಿತ್ತು. "ಏನಪ್ಪಾ ಬಾಯ್ಲರ್, ಇದೆಲ್ಲ ಬೇಕಾ? ಈ ಮಿಷನ್‌ನಲ್ಲಿ ಒಂದನ್ನ ನಿನ್ನ ಮನೆಗೆ ಕಳಿಸ್ತೀನಿ. ಏಳು."

ಅಣ್ಣ ಕಣ್ಣು ಬಿಟ್ಟ. ಅತ್ತಿಗೆಯ ಕಡೆ ನೋಡಿದ. ನನಗೆ ನೀರಿನ ಕೊಡ ಸರಿಸಿ ಮಾಡಿದ ಜಾಗ ಕಣ್ಣ ಮುಂದೆ ಬಂತು. ಹೂಂ ಅನ್ನು ಅಣ್ಣ ಎಂದು ನಾನೇ ಮನಸ್ಸಿನಲ್ಲಿ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಅತ್ತಿಗೆ ವೇದಿಕೆ ಹತ್ತಿದಳು. "ನಮ್ಮನೆ ಶೀಟಿಗೆ ಹತ್ತು ಕಡೆ ತೂತು. ಒಳಗೆ ನಿಮ್ಮ ಮಿಷನ್, ಹೊರಗೆ ನಿಮ್ಮ ಚಿಮಣಿ. ಮುಖಕ್ಕೆ ಉಗಿದು ಕರವಸ್ತ್ರ ದಾನ ಮಾಡ್ತೀರಾ? ಟೈರು ಸುಡೋದು ನಿಲ್ಲಿಸ್ತೀನಿ ಅಂತ ಇಷ್ಟು ಜನರ ಮುಂದೆ ಹೇಳಿ. ಇವರನ್ನ ನಾನೇ ಎಬ್ಬಿಸ್ಕೊಂಡು ಹೋಗ್ತೀನಿ."

ಸಾಹುಕಾರರು ಫಲಕವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ನಿಮ್ಮ ಮಿಷನ್ ಬೇಡ ಸಾಹುಕಾರ್ರೇ," ಎಂದ ಅಣ್ಣ.

ಅತ್ತಿಗೆ ಸೊಂಟದಿಂದ ಬಿಳಿ ಶರ್ಟು ತೆಗೆದು, ಹರಿದದ್ದನ್ನು ಬಿಚ್ಚಿ ವೇದಿಕೆಯ ಮೇಲೆ ಎಸೆದು, ಎಲ್ಲರ ಮುಂದೆ ಅಣ್ಣನಿಗೆ ಬಿಳಿಯದನ್ನು ತೊಡಿಸಿದಳು. ಒಂದೊಂದೇ ಗುಂಡಿ ಹಾಕಿದಳು. ಆಮೇಲೆ ನನ್ನನ್ನು ಕೂಗಿದಳು. "ಹಿಂದೆ ಕೂತಿದಾರಲ್ಲ ನಮ್ಮೋರು, ಕರ್ಕೊಂಡು ಬಾ."

ನಾನು ಹೋಗಿ ಹಿಂದಿನ ಬಾಗಿಲು ತೆಗೆದೆ. ಜನರೇಟರಿನ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಕೂತಿದ್ದವರು ಎದ್ದು ಬಂದರು. ಪೊರಕೆ ಕೈಯಲ್ಲೇ ಇತ್ತು. ರತ್ನಗಂಬಳಿಯ ಮೇಲೆ ಕಪ್ಪು ಹೆಜ್ಜೆ ಬಿದ್ದವು. ಯಾರೂ ಘೋಷಣೆ ಕೂಗಲಿಲ್ಲ. ನೆಲದ ಮೇಲೆ ಕೂತರು. ಉಸಿರು ಎಳೆದರು. ಎಳೆದು, ನಂಬದವರ ಹಾಗೆ ಮತ್ತೆ ಎಳೆದರು. ನಮ್ಮಲ್ಲೇ ದಪ್ಪಗಿರುವವಳೊಬ್ಬಳು ಯಂತ್ರಕ್ಕೆ ಬೆನ್ನು ಕೊಟ್ಟು ಕೂತ ಐದು ನಿಮಿಷಕ್ಕೆ ಗೊರಕೆ ಹೊಡೆಯತೊಡಗಿದಳು. ಅತಿಥಿಗಳು ಗೋಡೆ ಪಕ್ಕ ಸರಿದು, ನಮ್ಮನ್ನು ದಾಟಿಕೊಂಡು ಊಟಕ್ಕೆ ಹೋದರು. ಒಬ್ಬ ದೊಡ್ಡ ಮನುಷ್ಯ ತನ್ನ ಷೂ ನಮ್ಮ ಪೊರಕೆಗೆ ತಾಗದ ಹಾಗೆ ಕುಂಟಾಬಿಲ್ಲೆ ಆಡಿದ.

ಯಾರೋ ಯಂತ್ರಗಳನ್ನು ಆರಿಸಿದರು. ತಂಪು ಗಾಳಿಯನ್ನೂ ನಿಲ್ಲಿಸಿದರು. ಸೆಕೆ ಏರಿತು, ಬೆವರು ಇಳಿಯಿತು, ನಾವು ಏಳಲಿಲ್ಲ. ಆಗ ಪೋಲೀಸರು ಬಂದರು. ಹೆಂಗಸರನ್ನು ಕೈ ಹಿಡಿದು ಎಳೆದರು. ಅತ್ತಿಗೆಯ ಬಳೆ ಒಡೆದು ಮಣಿಕಟ್ಟು ಕೊಯ್ದಿತು. ಅಣ್ಣನನ್ನು ನಾಲ್ಕು ಜನ ಕುರ್ಚಿ ಸಮೇತ ಎತ್ತಿದರು. ಬಾಗಿಲು ದಾಟಿದ್ದೇ ತಡ ಅವನಿಗೆ ಕೆಮ್ಮು ಹತ್ತಿತು. ನಗುಮೇಡಂ ಬೆಳಿಗ್ಗೆಯಿಂದ ಕಾದಿದ್ದ ಕೆಮ್ಮು. ಫೋಟೋ ತೆಗೆಯುವವನು ಓಡಿ ಬಂದ. ಊಟ ಮಾತ್ರ ನಮಗೆ ಸಿಗಲಿಲ್ಲ.

ಮಾರನೆಯ ದಿನ ಪತ್ರಿಕೆಯಲ್ಲಿ, ಗಲಾಟೆಯಿಂದ ಸಭೆ ಅರ್ಧಕ್ಕೆ ನಿಂತು ಇಷ್ಟು ನಷ್ಟವಾಯಿತು ಎಂದು ಬಂತು. ಗಾಳಿಯಿಂದಾದ ನಷ್ಟ ಒಳಪುಟದಲ್ಲಿತ್ತು.

ಮೇಸ್ತ್ರಿ ಅತ್ತಿಗೆಗೂ ನನಗೂ ಪೊರಕೆ ಕೊಡಲಿಲ್ಲ. "ಎಲ್ಲರ ಮುಂದೆ ತಪ್ಪಾಯ್ತು ಅಂತ ಹೇಳಿ. ಆಮೇಲೆ ನೋಡೋಣ."

ಅತ್ತಿಗೆ ಬಾಯಿ ತೆರೆಯುವ ಮುಂಚೆಯೇ, ಆ ದಪ್ಪಗಿರುವವಳು ತನ್ನ ಪೊರಕೆಯನ್ನು ಮೇಸ್ತ್ರಿಯ ಕಾಲ ಬುಡಕ್ಕೆ ಹಾಕಿದಳು. "ನೀರು ಹಾಕಿ. ಆಮೇಲೆ ಗುಡಿಸ್ತೀವಿ."

ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು. ಮೇಸ್ತ್ರಿ ಕೂಗಾಡಿದ, ಬೇರೆಯವರನ್ನು ತರುತ್ತೇನೆಂದ. ತಂದ. ಅವರೂ ಒಂದೇ ದಿನಕ್ಕೆ ಕೆಮ್ಮಿಕೊಂಡು ಹೋದರು. ಅಗಲ ರಸ್ತೆಯಲ್ಲಿ ಕಸ ಮಂಡಿಯೆತ್ತರ ಬೆಳೆಯಿತು. ಗಾಳಿ ಅಳೆಯುವ ಪೆಟ್ಟಿಗೆಯ ಕಂಬಕ್ಕೆ ನಾಯಿಗಳು ಬಂದು ಕಾಲೆತ್ತಿದವು. ಅಂಗಡಿಯವರು ಮೇಲಿನವರ ಮನೆ ಬಾಗಿಲಿಗೆ ಹೋಗಿ ಕೂಗಾಡಿದ ಮೇಲೆ, ಒಂದು ಬೆಳಿಗ್ಗೆ ಟ್ಯಾಂಕರ್ ನಮ್ಮ ಮುಂದೆ ಬಂದು ನಿಂತಿತು. ಮೊದಲು ನೀರು, ಆಮೇಲೆ ಪೊರಕೆ. ಅತ್ತಿಗೆಗೂ ನನಗೂ ಕೆಲಸ ವಾಪಸು ಬಂತು. ಮೇಸ್ತ್ರಿ ಅಂದಿನಿಂದ ನಮ್ಮ ಜೊತೆ ಮಾತು ಬಿಟ್ಟ. ಅದನ್ನೂ ನಾವು ಗೆಲುವಿನ ಲೆಕ್ಕಕ್ಕೇ ಸೇರಿಸಿಕೊಂಡೆವು.

ಸಾಹುಕಾರರು ಟೈರು ಸುಡುವುದನ್ನು ನಿಲ್ಲಿಸಿದ್ದಾರೆಂದು ಹೇಳಿಕೆ ಕೊಟ್ಟರು. ಸುಳ್ಳಲ್ಲ. ಹಗಲು ನಿಲ್ಲಿಸಿದರು. ಕತ್ತಲಾದ ಮೇಲೆ ಸುಡುತ್ತಾರೆ. ಕತ್ತಲಲ್ಲಿ ಕಪ್ಪು ಹೊಗೆ ಕಾಣುವುದಿಲ್ಲವಲ್ಲ. ಅಣ್ಣನಿಗೆ ಮಾತ್ರ ಕಾಣುತ್ತದೆ. ಗೋಡೆಗೆ ಒರಗಿ ಕೂತವನು ಗಾಳಿ ಎಳೆದು, "ಈಗ ರೆಕ್ಸಿನ್ ಹಾಕಿದ್ರು," ಎನ್ನುತ್ತಾನೆ.

ಹೊಗೆ ಬಿಡುವವರನ್ನು ಹಿಡಿಯಲೆಂದೇ ಸರ್ಕಾರದ ಒಂದು ಕಚೇರಿ ಇದೆ. ಅಲ್ಲಿಗೆ ಅತ್ತಿಗೆ ಹೋಗಿ ಬಂದಳು. ಸಾಹೇಬರು ಸಿಗಲಿಲ್ಲ. ಮತ್ತೆ ಹೋದಳು. ಸಾಹೇಬರು ಗಾಳಿಯ ಬಗ್ಗೆ ಸಭೆಗೆ ಹೋಗಿದ್ದಾರೆಂದರು. ಆದರೆ ತೆರೆದ ಬಾಗಿಲಿನಿಂದ ಅವಳು ಒಂದು ನೋಟ ನೋಡಿಕೊಂಡು ಬಂದಿದ್ದಳು. ಸಾಹೇಬರ ಕೋಣೆಯಲ್ಲೂ ಅಂಥದೇ ಬಿಳಿ ಯಂತ್ರ ಇದೆ. ಸಾಹೇಬರು ಇರಲಿ ಬಿಡಲಿ, ಅದು ಓಡುತ್ತಲೇ ಇರುತ್ತದೆ.

ಮರುದಿನ ಕೆಲಸ ಮುಗಿದ ಕೂಡಲೇ ಅಣ್ಣನನ್ನು ತಳ್ಳುಗಾಡಿಯಲ್ಲಿ ಕೂರಿಸಿದೆವು. ತರಕಾರಿ ತಾತ ಅಂದು ವ್ಯಾಪಾರ ಬಿಟ್ಟು ತಾನೇ ಗಾಡಿ ತಳ್ಳಿದ. ಇಸ್ತ್ರಿಯವನು ಬಂದ, ಇಟ್ಟಿಗೆ ಹೊರುವವಳು ಬಂದಳು, ಗುಡಿಸುವವರೆಲ್ಲ ಬಂದರು.

ಕಚೇರಿಯ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಇಟ್ಟ. ಬೆಳಿಗ್ಗೆಯಿಂದ ರಸ್ತೆಯ ಧೂಳಿನಲ್ಲೇ ನಿಂತವನು. ರೆಪ್ಪೆಯ ಮೇಲೆಲ್ಲ ಬೂದಿ ಬಣ್ಣ.

"ಏನ್ ಕೆಲಸ?"

"ಉಸಿರಾಡೋ ಕೆಲಸ," ಎಂದ ಅಣ್ಣ.

"ಅದಕ್ಕೆಲ್ಲ ಇಲ್ಲಿ ಬಿಡಲ್ಲ."

"ಮತ್ತೆ ಒಳಗಿರೋರು ಬೇರೆ ಏನ್ ಕೆಲಸ ಮಾಡ್ತಿದಾರೆ, ಹೇಳಪ್ಪಾ," ಎಂದಳು ಅತ್ತಿಗೆ.

ಅವನಿಗೆ ನಗು ಬಂತು. ನಗಲು ಹೋಗಿ ಉಸಿರು ಸಿಕ್ಕಿ, ಎದೆ ಹಿಡಿದು ಬಾಗಿದ. ಅತ್ತಿಗೆ ಅವನ ಬೆನ್ನು ತಿಕ್ಕಿದಳು. ಸುಧಾರಿಸಿಕೊಂಡ ಮೇಲೆ ಅವನು ಆ ಕಡೆ ಈ ಕಡೆ ನೋಡಿದ.

"ಸಾಹೇಬ್ರು ಇನ್ನೂ ಬಂದಿಲ್ಲ. ನಾನು ಯಾರನ್ನೂ ನೋಡಿಲ್ಲ," ಎಂದು ರಸ್ತೆಯ ಕಡೆ ಮುಖ ತಿರುಗಿಸಿ ನಿಂತ.

ಅಣ್ಣನನ್ನು ಎತ್ತಿಕೊಂಡು ಒಳಗೆ ಹೋದೆವು. ಸಾಹೇಬರ ಕುರ್ಚಿ ದೊಡ್ಡದು, ಮೆತ್ತನೆಯದು, ಹಿಂದಕ್ಕೆ ಒರಗಿಕೊಳ್ಳುವಂಥದು. ಅವನನ್ನು ಅದರಲ್ಲೇ ಕೂರಿಸಿದೆವು. ಉಳಿದವರು ನೆಲದ ಮೇಲೆ ಕೂತೆವು. ಅತ್ತಿಗೆ ಬಾಗಿಲು ಮುಚ್ಚಿ, ಒಳಗಿನ ಗಾಳಿ ಹೊರಗೆ ಹೋಗದ ಹಾಗೆ ಸಂದಿಗೆ ಸೆರಗು ತುರುಕಿ ಕೂತಳು. ಸಾಹೇಬರು ಯಾವಾಗ ಬರುತ್ತಾರೋ ಬರಲಿ, ನಮಗೆ ಅವಸರವಿರಲಿಲ್ಲ.